ಹುರಿಹಿಟ್ಟು ಕಟ್ಟಿಕೊಂಡು ಪಿನ್ ಪಾರ್ವತಿ ದಾಟಿದೆವು

ಹಿಮಾಚಲದ ಪಾರ್ವತಿ ಕಣಿವೆಯಿಂದ ಸ್ಪಿತಿಯ ಕಡೆಯ ಪಿನ್ ಕಣಿವೆಗೆ ಇಳಿಸುವ ಪಿನ್ ಪಾರ್ವತಿ ಪಾಸ್ ಅನ್ನು ಮೂರನೆಯ ಸಲಕ್ಕೆ ದಾಟಿದೆವು, ಅದೂ ಮೇಲಿನ ಶಿಬಿರಗಳಲ್ಲಿ ಒಂದು ಹಿಡಿ ಅಕ್ಕಿಯನ್ನೂ ಬೇಯಿಸದೆ. "ರಾಗಿ ಹಿಟ್ಟನ್ನು ನೆಚ್ಚಿಕೊಂಡು ಹದಿನೇಳೂವರೆ ಸಾವಿರ ಅಡಿ ಹತ್ತುವವರುಂಟೇನಪ್ಪಾ?" ಎಂದು ನಮ್ಮ ಬೆಂಗಳೂರಿನ ಚಾರಣ ಬಳಗದ ಹಿರಿಯರೇ ಕೇಳಿದ್ದರು. ಉಂಟು.

ಮೊದಲ ಸಲ ಒಂದು ಸಂಸ್ಥೆಗೆ ತಲಾ 40 ಸಾವಿರದಷ್ಟು ಕಟ್ಟಿ ಹೋಗಿದ್ದೆವು. ಕುಕ್ಕರ್, ಸಿಲಿಂಡರ್, ಊಟದ ಡೇರೆ, ಮೊಟ್ಟೆಯ ಟ್ರೇ ಸಮೇತ ಮೆರವಣಿಗೆ. ಮಂತಲಾಯ್ ಸರೋವರದ ಬಳಿ ಎರಡು ದಿನ ಮಳೆ ಹಿಡಿಯಿತು. ಅಷ್ಟು ಹೊರೆ ಹೊತ್ತು ಹಿಮನದಿಯ ಮೇಲೆ ಬರುವುದಿಲ್ಲ ಎಂದು ಪೋರ್ಟರುಗಳು ನಿಂತುಬಿಟ್ಟರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ದುಡ್ಡು ಮಾತ್ರ ಒಂದು ರೂಪಾಯಿಯೂ ವಾಪಸಾಗಲಿಲ್ಲ.

ಎರಡನೆಯ ಸಲ ನಾವೇ ನಾಲ್ವರು, ಜೊತೆಗೆ ನಡಿಗೆ ಶುರುವಾಗುವ ಬರ್ಶೇಣಿಯ ಕಡೆಯ ಇಬ್ಬರು. ಭಾರವೆಂದು ಕುಕ್ಕರ್ ಬಿಟ್ಟೆವು, ಅಕ್ಕಿ ಬೇಳೆ ಬಿಡಲಿಲ್ಲ. ಓಡಿ ಥಾಚ್ ಎಂಬ ಹುಲ್ಲುಗಾವಲು ದಾಟಿದ ಮೇಲೆ ಬೇಳೆ ಬೇಯಲೇ ಇಲ್ಲ. ಅರೆಬೆಂದದ್ದನ್ನು ತಿಂದು ಇಬ್ಬರ ಹೊಟ್ಟೆ ಕೆಟ್ಟಿತು, ಗ್ಯಾಸ್ ಡಬ್ಬಿಗಳು ನಾಲ್ಕೇ ದಿನಕ್ಕೆ ಖಾಲಿ. ಇನ್ನೂ ಕೆಟ್ಟದ್ದೆಂದರೆ, ತಿಂಡಿ ಮುಗಿಸಿ ಹೊರಡುವಾಗ ದಿನವೂ ಒಂಬತ್ತು ಗಂಟೆ. ದಾಟಬೇಕಾದ ನಾಲೆ, ಎಂದರೆ ಬೆಟ್ಟದ ತೊರೆ, ತಲುಪುವಾಗ ಮಧ್ಯಾಹ್ನ, ಮೇಲೆ ಹಿಮ ಕರಗಿ ನೀರು ತೊಡೆಯ ಮಟ್ಟ. ಗೆಳೆಯನೊಬ್ಬ ಜಾರಿದ. ಹಗ್ಗವಿದ್ದುದರಿಂದ ಉಳಿದ. ಅವನ ಸ್ಲೀಪಿಂಗ್ ಬ್ಯಾಗ್ ತೊಯ್ದು ಒದ್ದೆ ಮೂಟೆಯಾಯಿತು. ತಲಾ 19 ಸಾವಿರ ಹೋಯಿತು, ಅವನ ಬೂಟು ಬೇರೆ.

ಇಳಿಯುವ ದಾರಿಯಲ್ಲಿ, ಪಾಂಡವರು ಇಟ್ಟದ್ದೆಂದು ಅಲ್ಲಿಯವರು ಹೇಳುವ ಪಾಂಡು ಪುಲ್ ಎಂಬ ಸೇತುವೆಯ ಆ ದೊಡ್ಡ ಬಂಡೆಯ ಮೇಲೆ ಕುಳಿತಾಗ ಹೊಳೆಯಿತು. ನಮ್ಮನ್ನು ಸೋಲಿಸಿದ್ದು ಎತ್ತರವಲ್ಲ, ಒಲೆ. ಅಡುಗೆ ತಡವಾದರೆ ಹೊರಡುವುದು ತಡ, ಹೊರಡುವುದು ತಡವಾದರೆ ನದಿ ಬಿಡುವುದಿಲ್ಲ.

ಆ ಚಳಿಗಾಲವೆಲ್ಲ ತುಮಕೂರಿನ ನಮ್ಮ ಮನೆಯಲ್ಲಿ ಹುರಿಹಿಟ್ಟಿನದೇ ಕೆಲಸ. ಅಂಗಡಿಯ ರಾಗಿ ಹಿಟ್ಟನ್ನು ಬಾಣಲೆಯಲ್ಲಿ ಹುರಿದರೆ ಆಗುವುದಿಲ್ಲ, ತಣ್ಣೀರಿನಲ್ಲಿ ಹಸಿ ವಾಸನೆ ಬರುತ್ತದೆ. ರಾಗಿಯನ್ನು ಕಾದ ಮರಳಿನಲ್ಲಿ ಅರಳಿಸಿಯೇ ಬೀಸಿಸಬೇಕು. ಬೆಲ್ಲವನ್ನು ಮನೆಯಲ್ಲಿಯೇ ಪುಡಿ ಮಾಡಿಕೊಳ್ಳಿ. ಅಚ್ಚು ಬೆಲ್ಲ ಆ ಚಳಿಗೆ ಕಲ್ಲಾಗುತ್ತದೆ. ಒಣಕೊಬ್ಬರಿ, ಕಡಲೆಬೀಜ ಸೇರಿ ತಲೆಗೆ ದಿನಕ್ಕೆ ಸುಮಾರು 400 ಗ್ರಾಂ ಹಿಡಿದಿತ್ತು. ಇನ್ನೆರಡು ಸಾಮಾನು ಬೆರೆಸುತ್ತೇನೆ. ಅವು ಯಾವುವು, ಎಷ್ಟು ಎಂಬುದು ನನ್ನ ತಾಯಿಯ ಲೆಕ್ಕ, ಇಲ್ಲಿ ಬರೆಯುವುದಿಲ್ಲ.

ಜೊತೆಗೆ ಬೇರೆ ಪ್ರಯೋಗಗಳೂ ನಡೆದವು. ಒಣಗಿಸಿದ ನುಚ್ಚಿನುಂಡೆ ಪೂರ್ತಿ ವಿಫಲ. ಗೊಜ್ಜವಲಕ್ಕಿ ತಣ್ಣೀರಿನಲ್ಲಿಯೂ ಮುಕ್ಕಾಲು ಗಂಟೆಗೆ ನೆನೆಯಿತು, ರುಚಿಯೂ ಉಳಿಯಿತು. ಮೂರನೆಯ ಸಲ ಥರ್ಮಾಮೀಟರ್ ಕೊಂಡೊಯ್ದು ಕುದಿಯುವ ನೀರನ್ನು ಅಳೆದೆ. ಖೀರ್‌ಗಂಗಾದಲ್ಲಿ 90 ಡಿಗ್ರಿ, ಮಂತಲಾಯ್‌ನಲ್ಲಿ 86ರ ಆಸುಪಾಸು, ಪಾಸ್‌ನ ಕೆಳಗಿನ ಕೊನೆಯ ಶಿಬಿರದಲ್ಲಿ 84 ಇರಬೇಕು. ಎತ್ತರ ಏರಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹೋದ ಸಲ ಬೇಳೆ ಬೇಯದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಲೆ ಹಚ್ಚಿದ್ದು ಹಿಮ ಕರಗಿಸಿ ನೀರು ಕಾಯಿಸಲು ಮಾತ್ರ. ರಾತ್ರಿಯೇ ಫ್ಲಾಸ್ಕ್ ತುಂಬಿಸಿಟ್ಟು, ಬೆಳಗಿನ ಮೂರೂವರೆಗೆ ಹಿಟ್ಟು ಕಲಸಿ ಕುಡಿದು ನಾಲ್ಕಕ್ಕೆ ನಡಿಗೆ. ಹಿಂದಿನ ವರ್ಷ ತೊಡೆಯವರೆಗೆ ಬಂದಿದ್ದ ಅದೇ ನಾಲೆ ಈ ಸಲ ಮೊಣಕಾಲಿನ ಕೆಳಗಿತ್ತು. ರಾತ್ರಿಯ ಚಳಿಗೆ ಮೇಲೆ ಕರಗುವುದೇ ನಿಂತಿರುತ್ತದಲ್ಲ. ಗ್ಯಾಸ್ ಡಬ್ಬಿ ಮೂರಕ್ಕೆ ಮುಗಿಯಿತು, ಹೋದ ಸಲ ಏಳೋ ಎಂಟೋ. ಒಬ್ಬ ಪೋರ್ಟರ್‌ನ ಕೂಲಿಯೂ ಉಳಿಯಿತು, ದಿನಕ್ಕೆ ಒಂದೂವರೆ ಸಾವಿರದಂತೆ. ಆ ಹಣದಲ್ಲಿ ಒಳ್ಳೆಯ ಹಗ್ಗ ಕೊಂಡೆವು.

ಕೊನೆಯ ದಿನ ಎರಡೂವರೆಗೇ ಹೊರಟೆವು. ಆಗಸ್ಟ್ ಕೊನೆಯಾದ್ದರಿಂದ ಹಿಮನದಿಯ ಬಿರುಕುಗಳು ಬಾಯಿ ತೆರೆದಿದ್ದವು, ಆದರೆ ಅವುಗಳ ಮೇಲಿನ ಹಿಮದ ಸೇತುವೆಗಳು ಆ ಹೊತ್ತಿಗೆ ಗಟ್ಟಿ. ಹಗ್ಗದಲ್ಲಿ ಐವರು, ಮುಂದೆ ಗೈಡ್. ಏಳೂವರೆಗೆ 5,319 ಮೀಟರ್ ಎತ್ತರದ ಪಾಸ್ ಮೇಲಿದ್ದೆವು. ಹಿಂದೆ ಕರಗಿದ ನೀರು ಪಾರ್ವತಿಯಾಗಿ ಭುಂತರ್‌ನಲ್ಲಿ ಬಿಯಾಸ್ ಸೇರುತ್ತದೆ. ಮುಂದೆ ಕರಗಿದ್ದು ಪಿನ್, ಆಮೇಲೆ ಸ್ಪಿತಿ, ಖಾಬ್‌ನಲ್ಲಿ ಸಟ್ಲೆಜ್. ಬೆನ್ನು ತಿರುಗಿಸಿ ಹೋದ ಆ ಎರಡೂ ನೀರು ಪಂಜಾಬಿನ ಹರಿಕೆಯಲ್ಲಿ ಮತ್ತೆ ಕೂಡುತ್ತವೆ. ಅದನ್ನು ನೆನೆದು ನನಗೆ ಕಣ್ಣು ತುಂಬಿತು.

ಮೂರನೆಯ ಸಲದ ಖರ್ಚು ರೈಲು ಸೇರಿ ತಲಾ 23 ಸಾವಿರದೊಳಗೆ.

ಆಚೆ ಇಳಿದು ಪಿನ್ ಕಣಿವೆಯ ಮುದ್ ಹಳ್ಳಿಯಲ್ಲಿ ಉಳಿದ ಮನೆಯ ಅಜ್ಜಿ ಬೆಣ್ಣೆ ಚಹಾದಲ್ಲಿ ತ್ಸಂಪಾ ಕಲಸಿ ಕೊಟ್ಟರು. ಹುರಿದ ಬಾರ್ಲಿಯ ಹಿಟ್ಟು, ಥೇಟ್ ನಮ್ಮದೇ ಪರಿಮಳ. ನಾನು ಉಳಿದಿದ್ದ ಹುರಿಹಿಟ್ಟಿನ ಚೀಲ ಬಿಚ್ಚಿದೆ. ಅವರು ಮೂಸಿ ನೋಡಿ, ಅದೇ ಚಹಾದಲ್ಲಿ ಮುದ್ದೆ ಕಟ್ಟಿ ಬಾಯಿಗಿಟ್ಟುಕೊಂಡು, ಇದು ಯಾವ ಕಾಳು ಎಂದು ಕೇಳಿದರು. ಇದ್ದಷ್ಟೂ ಅವರಿಗೇ ಕೊಟ್ಟುಬಂದೆ. ಬದಲಿಗೆ ಅವರು ಕೊಟ್ಟ ತ್ಸಂಪಾವನ್ನು ಈಗ ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ ನೋಡುತ್ತಿದ್ದೇನೆ.