ಬೀಗ ಹಾಕಿದೆಯಾ? ಕಂಪ್ಯೂಟರ್‌ಗೆ ಘಟನೆ, ಕಾಲದ ಲೆಕ್ಕ ಕಲಿಸುವುದು ಹೀಗೆ

ಸಂಜೆ 6ಕ್ಕೆ ಬಾಗಿಲಿಗೆ ಬೀಗ ಹಾಕಿದಿರಿ. 8 ಗಂಟೆಗೆ ಯಾರೋ ‘ಬೀಗ ಹಾಕಿದೆಯಾ?’ ಎಂದರೆ ಯೋಚಿಸದೆ ‘ಹೂಂ’ ಅನ್ನುತ್ತೀರಿ. ನಡುವೆ ಯಾರೂ ತೆಗೆದಿಲ್ಲ ಅಂದಮೇಲೆ ಬೀಗ ಎಲ್ಲಿಗೆ ಹೋದೀತು? ಕಂಪ್ಯೂಟರ್‌ಗೆ ಮಾತ್ರ ಇದು ತಾನಾಗಿ ಹೊಳೆಯುವುದಿಲ್ಲ. ದೀಪ ಹಚ್ಚಿದರೆ ಬೀಗ ತೆರೆಯದು, ಕಿಟಕಿ ಮುಚ್ಚಿದರೂ ತೆರೆಯದು ಎಂದು ಒಂದೊಂದಾಗಿ ಹೇಳುತ್ತಾ ಕೂತರೆ ಬೆಳಗಾಗುತ್ತದೆ. ಕೃತಕ ಬುದ್ಧಿಮತ್ತೆಯ ಸಂಶೋಧಕರಾದ ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ 1969ರಲ್ಲಿ ಈ ತಲೆನೋವಿಗೆ ‘ಫ್ರೇಮ್ ಪ್ರಾಬ್ಲಂ’ ಎಂದರು. ರಾಬರ್ಟ್ ಕೊವಾಲ್ಸ್ಕಿ ಮತ್ತು ಮಾರೆಕ್ ಸೆರ್ಗಾಟ್ 1986ರಲ್ಲಿ ಮುಂದಿಟ್ಟ ‘ಈವೆಂಟ್ ಕ್ಯಾಲ್ಕುಲಸ್’ (ಘಟನೆಗಳ ಲೆಕ್ಕ) ಎಂಬ ವಿಧಾನ ನನ್ನ ಮಟ್ಟಿಗೆ ಇದಕ್ಕಿರುವ ಚೊಕ್ಕ ಮದ್ದು. ತರ್ಕದ ನಿಯಮಗಳಲ್ಲೇ ಬರೆಯುವ ಪ್ರೋಗ್ರಾಮಿಂಗ್ ಭಾಷೆ ಪ್ರೊಲಾಗ್ ಬಂದರೆ ಒಳ್ಳೆಯದು, ಬಾರದಿದ್ದರೆ ಕಾಗದ, ಪೆನ್ನು ಸಾಕು.

ಹಂತ 1: ಘಟನೆ ಬೇರೆ, ಸ್ಥಿತಿ ಬೇರೆ ಮಾಡಿ. ಬೀಗ ಹಾಕುವುದು ಘಟನೆ, ಆ ಕ್ಷಣಕ್ಕೆ ಮುಗಿಯಿತು. ಬೀಗ ಬಿದ್ದಿರುವುದು ಸ್ಥಿತಿ, ಅದು ಉಳಿಯುತ್ತದೆ.

ಹಂತ 2: ಯಾವ ಘಟನೆಯಿಂದ ಯಾವ ಸ್ಥಿತಿ ಶುರು, ಯಾವುದರಿಂದ ಕೊನೆ ಎಂದು ಬರೆಯಿರಿ.

ಶುರು(ಬೀಗ_ಹಾಕು, ಬೀಗ_ಬಿದ್ದಿದೆ)
ಕೊನೆ(ಬೀಗ_ತೆಗೆ, ಬೀಗ_ಬಿದ್ದಿದೆ)

ಹಂತ 3: ನಡೆದದ್ದನ್ನು ವೇಳೆಯ ಸಮೇತ ದಾಖಲಿಸಿ.

ನಡೆಯಿತು(ಬೀಗ_ಹಾಕು, 6)

ಹಂತ 4: ಈಗ ಎಲ್ಲದಕ್ಕೂ ಸೇರಿ ಒಂದೇ ನಿಯಮ. ಕೇಳಿದ ವೇಳೆಗೆ ಮುಂಚೆ ಆ ಸ್ಥಿತಿಯನ್ನು ಶುರುಮಾಡುವ ಘಟನೆ ನಡೆದಿರಬೇಕು; ಅಲ್ಲಿಂದ ಇಲ್ಲಿಯವರೆಗೆ ಅದನ್ನು ಕೊನೆಗೊಳಿಸುವ ಘಟನೆ ನಡೆದಿರಬಾರದು. ಎರಡೂ ಸರಿಯಿದ್ದರೆ ಸ್ಥಿತಿ ನಿಜ. ದೀಪ, ಕಿಟಕಿಗಳ ಮಾತೇ ಬರಲಿಲ್ಲ, ನೋಡಿ.

‘ನಡೆದಿಲ್ಲ’ ಎಂದು ಗೊತ್ತಾಗುವುದು ಹೇಗೆ? ಜಾಣತನ ಇರುವುದೇ ಇಲ್ಲಿ. ದಾಖಲೆಯಲ್ಲಿ ಹುಡುಕಿ ಸಿಗದಿದ್ದರೆ ಪ್ರೊಲಾಗ್ ಅದನ್ನು ‘ಇಲ್ಲ’ ಎಂದೇ ಹಿಡಿಯುತ್ತದೆ. ಹಾಗಾಗಿ 8 ಗಂಟೆಯ ಪ್ರಶ್ನೆಗೆ ಉತ್ತರ ‘ಹೌದು’. ಆಮೇಲೆ ಯಾರೋ ಬಂದು ‘7ಕ್ಕೆ ನಾನೇ ತೆಗೆದಿದ್ದೆ’ ಅಂದರು ಅನ್ನಿ. ಒಂದು ಸಾಲು ಸೇರಿಸಿ:

ನಡೆಯಿತು(ಬೀಗ_ತೆಗೆ, 7)

ಮತ್ತೆ ಕೇಳಿದರೆ ಉತ್ತರ ‘ಇಲ್ಲ’. ಹಳೆಯದೇನನ್ನೂ ಅಳಿಸಲಿಲ್ಲ, ಆದರೂ ತೀರ್ಮಾನ ತಿರುಗಿತು. ಶಾಲೆಯ ರೇಖಾಗಣಿತದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಒಮ್ಮೆ ಸಾಧಿಸಿದ ಪ್ರಮೇಯವನ್ನು ಹೊಸ ಮಾಹಿತಿ ಬಂದು ಕೆಡಿಸದು. ದಿನನಿತ್ಯದ ಬುದ್ಧಿ ಮಾತ್ರ ನಡೆಯುವುದೇ ಹೀಗೆ.

ಹಂತ 5: ಷರತ್ತು ಸೇರಿಸಿ. ಬಾಗಿಲು ತೆರೆದಿಟ್ಟು ಬೀಗ ಒತ್ತಿದರೆ ಏನು ಬಂತು? ‘ಬಾಗಿಲು ಮುಚ್ಚಿದ್ದರೆ ಮಾತ್ರ’ ಎಂದು ಹಂತ 2ರ ಮೊದಲ ಸಾಲಿಗೆ ಜೋಡಿಸಿ. ನಾನು ಇದನ್ನು ಮೊದಲ ಸಲ ಜೋಡಿಸಿದಾಗ, 7ರ ಸಾಲನ್ನು ತೆಗೆದ ಮೇಲೂ 8ಕ್ಕೆ ‘ಇಲ್ಲ’ ಎಂದೇ ಬಂತು. ಅರ್ಧ ದಿನ ನಿಯಮ ತಿದ್ದುತ್ತಾ ಕೂತೆ. ತಪ್ಪು ನಿಯಮದ್ದಲ್ಲ: ಬಾಗಿಲು ಮುಚ್ಚಿದೆ ಎಂದು ನಾನು ಎಲ್ಲೂ ಹೇಳಿರಲಿಲ್ಲ. ದಾಖಲೆಯಲ್ಲಿ ಇಲ್ಲದ್ದು ಪ್ರೊಲಾಗ್ ಪಾಲಿಗೆ ಇಲ್ಲವೆಂದೇ ಲೆಕ್ಕ. ಆರಂಭದ ಸ್ಥಿತಿಗಳನ್ನು ವೇಳೆ 0ಕ್ಕೆ ಬರೆದಿಟ್ಟೇ ಶುರುಮಾಡಿ.