ರೈಲ್ವೆ, ಹೆಸ್ಕಾಂ, ಜೆಮ್: ತಾರಿಹಾಳದ ಶೆಡ್‌ನಿಂದ ಸರ್ಕಾರಿ ಖರೀದಿಯವರೆಗೆ ನಾನು ಹಿಡಿದ ಕ್ರಮ

ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯವರಿಗೆ ಸರ್ಕಾರಿ ಖರೀದಿದಾರರು ದೂರವಿಲ್ಲ. ಗದಗ ರಸ್ತೆಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಮತ್ತು ಬೋಗಿ ದುರಸ್ತಿಯ ವರ್ಕ್‌ಶಾಪ್, ಗೋಕುಲ ರಸ್ತೆಯಲ್ಲಿ ವಾಯವ್ಯ ಸಾರಿಗೆ ಸಂಸ್ಥೆ, ನವನಗರದಲ್ಲಿ ಹೆಸ್ಕಾಂ. ಆದರೂ "ನಮ್ಮ ಹೆಸರು ಲಿಸ್ಟಿಗೆ ಹಾಕ್ರಿ ಸರ್" ಎಂದು ಫೈಲು ಹಿಡಿದು ಗೇಟಿಗೆ ಹೋಗುವವರು ಇವತ್ತಿಗೂ ಇದ್ದಾರೆ. ಎಲ್ಲ ಮಾಲಿಗೂ ಸಲ್ಲುವ ಅಂಥ ಲಿಸ್ಟ್ ಯಾವ ಟೇಬಲ್ ಮೇಲೂ ಇಲ್ಲ. ಪೋರ್ಟಲ್ ನೋಂದಣಿ ಕಂಪನಿಯ ಹೆಸರಿಗೆ ಆಗುತ್ತದೆ. ಮುಖ್ಯ ಭಾಗಗಳ ಅನುಮೋದನೆ ಮಾತ್ರ ಒಂದೊಂದು ವಸ್ತುವಿಗೆ, ಒಂದೊಂದು ಡ್ರಾಯಿಂಗಿಗೆ ಬೇರೆಬೇರೆಯಾಗಿ ಸಿಗುತ್ತದೆ. ಈ ವ್ಯತ್ಯಾಸ ತಿಳಿದ ಮೇಲೆಯೇ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಶೀಟ್ ಮೆಟಲ್ ಮತ್ತು ಮಶಿನಿಂಗ್ ಘಟಕದ ಕೆಲಸ ಹಾದಿಗೆ ಬಂತು.

ಮೊದಲು ಮಾಡಿದ್ದು ವಸ್ತುವಿನ ಆಯ್ಕೆ. ರೈಲ್ವೆ ಕೊಳ್ಳುವ ಪ್ರತಿ ಸಾಮಾನಿಗೂ 8 ಅಂಕಿಯ ಪಿಎಲ್ ನಂಬರ್ ಇರುತ್ತದೆ. ರೈಲ್ವೆಯ ಖರೀದಿ ಪೋರ್ಟಲ್ ಐಆರ್‌ಇಪಿಎಸ್‌ನಲ್ಲಿ ಟೆಂಡರ್ ತೆರೆದು ಈ ನಂಬರ್, ಡ್ರಾಯಿಂಗ್ ನಂಬರ್, ಪ್ರಮಾಣ, ತಪಾಸಣೆ ಯಾರದು ಎಂಬ ನಾಲ್ಕು ವಿಷಯಗಳನ್ನು ಒಂದು ವಹಿಯಲ್ಲಿ ಬರೆಯುತ್ತ ಹೋದೆ. ಸುರಕ್ಷತೆಗೆ ಸಂಬಂಧಿಸಿದ ಭಾಗಗಳನ್ನು ರೈಲ್ವೆಯ ವಿನ್ಯಾಸ, ಮಾನದಂಡ ಸಂಸ್ಥೆ ಆರ್‌ಡಿಎಸ್‌ಒ ಅಥವಾ ರೈಲ್ವೆಯದೇ ಉತ್ಪಾದನಾ ಕಾರ್ಖಾನೆಗಳು ಅನುಮೋದಿಸಿದ ತಯಾರಕರಿಂದಲೇ ಕೊಳ್ಳುತ್ತಾರೆ. ಬ್ರಾಕೆಟ್, ಕವರ್ ಪ್ಲೇಟ್‌ನಂಥ ಅನೇಕ ಸಾಮಾನುಗಳಿಗೆ ಆ ನಿರ್ಬಂಧ ಇರುವುದಿಲ್ಲ. ಹೊಸಬರು ಈ ಎರಡನೆಯ ಗುಂಪಿನಿಂದಲೇ ಆರಂಭಿಸಬೇಕು. ಇಲ್ಲಿ ಸರಿಯಾಗಿ ಪೂರೈಸಿದ ಎರಡು ಮೂರು ಆರ್ಡರುಗಳೇ ಮುಂದೆ "ಹಿಂದಿನ ಪೂರೈಕೆಯ ಅನುಭವ" ಎಂಬ ಷರತ್ತಿಗೆ ಉತ್ತರವಾಗುತ್ತವೆ.

ಆಮೇಲೆ ಉದ್ಯಮ್, ಅಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕೇಂದ್ರ ಸರ್ಕಾರಿ ನೋಂದಣಿ. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಖಾಸಗಿ ಏಜೆಂಟರದು. 2012ರ ಕೇಂದ್ರ ಖರೀದಿ ನೀತಿಯ ಆದೇಶದ ಪ್ರಕಾರ ಕೇಂದ್ರದ ಇಲಾಖೆಗಳು, ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೇ ಪರಿಶಿಷ್ಟ ಜಾತಿ, ಪಂಗಡದ ಮಾಲೀಕರಿಗೆ ಶೇ. 4, ಮಹಿಳಾ ಮಾಲೀಕರಿಗೆ ಶೇ. 3. ಸೌಲಭ್ಯ ತಾವೇ ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗೆ ಸಿಗುವುದಿಲ್ಲ, ಮಧ್ಯಮ ಉದ್ಯಮಕ್ಕೂ ಇಲ್ಲ. ಉದ್ಯಮ್ ಪತ್ರದಲ್ಲಿ ಮುಖ್ಯ ಚಟುವಟಿಕೆ "ಟ್ರೇಡಿಂಗ್" ಎಂದು ಬಿದ್ದಿದ್ದರೆ, ಅಥವಾ ಎನ್‌ಐಸಿ ಕೋಡ್ (ಉದ್ಯಮದ ಬಗೆ ತೋರಿಸುವ ಸಂಖ್ಯೆ) ನೀವು ಕೋಟ್ ಮಾಡುವ ವಸ್ತುವಿಗೆ ಹೊಂದದಿದ್ದರೆ, ಇಎಂಡಿ (ಟೆಂಡರ್ ಜೊತೆ ಇಡುವ ಮುಂಗಡ ಠೇವಣಿ) ವಿನಾಯಿತಿ ಕೇಳಿದ ನಿಮ್ಮ ಆಫರ್ ತಾಂತ್ರಿಕ ಹಂತದಲ್ಲೇ ಬೀಳಬಹುದು. ಅವಸರದಲ್ಲಿ ಫಾರಂ ತುಂಬಿಸಿದ ಎಷ್ಟೋ ಒಳ್ಳೆಯ ಕೆಲಸಗಾರರು ಇಲ್ಲೇ ಸೋತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹೆಸರು, ವಿಳಾಸ ಅಕ್ಷರಶಃ ಒಂದೇ ಇರಲಿ. ನಮ್ಮ ಊರಿನವರಿಗೆ ಇದರಲ್ಲಿ ವಿಶೇಷ ತೊಡಕಿದೆ: ಇಂಗ್ಲಿಷಿನಲ್ಲಿ ಹುಬ್ಲಿ ಎಂಬುದು ಅಧಿಕೃತವಾಗಿ ಹುಬ್ಬಳ್ಳಿ ಆದದ್ದು 2014ರ ನವೆಂಬರ್ 1ರಂದು. ಹಳೆಯ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿದ್ಯುತ್ ಬಿಲ್ಲಿನಲ್ಲಿ "ಹುಬ್ಲಿ" ಎಂದೇ ಇರುತ್ತದೆ, ಜಿಎಸ್‌ಟಿಯಲ್ಲಿ "ಹುಬ್ಬಳ್ಳಿ". ಪ್ಯಾನ್, ಜಿಎಸ್‌ಟಿ, ಉದ್ಯಮ್, ಬ್ಯಾಂಕ್, ಕರಾರು ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಪ್ಲಾಟ್ ನಂಬರಿನಿಂದ ಪಿನ್ ಕೋಡಿನವರೆಗೆ ಬೆರಳಿಟ್ಟು ಓದಿ, ತಿದ್ದಿಸಿದ ಮೇಲೆಯೇ ಪೋರ್ಟಲ್‌ಗಳಿಗೆ ಹೋದೆ.

ಪೋರ್ಟಲ್ ಮೂರು. ರೈಲ್ವೆಗೆ ಐಆರ್‌ಇಪಿಎಸ್; ಕೇಂದ್ರದ ಉಳಿದ ಖರೀದಿಗೆ, ಈಗ ರೈಲ್ವೆಯ ಸಾಮಾನ್ಯ ಸಾಮಾನುಗಳಿಗೂ, 2016ರಲ್ಲಿ ಶುರುವಾದ ಜೆಮ್; ಹೆಸ್ಕಾಂ, ಸಾರಿಗೆ ಸಂಸ್ಥೆ, ಮಹಾನಗರ ಪಾಲಿಕೆಯಂಥ ರಾಜ್ಯದವರಿಗೆ ಕೆಪಿಪಿಪಿ. ಡಿಜಿಟಲ್ ಸಹಿ ಕ್ಲಾಸ್ 3ರದ್ದು, ಸಂಸ್ಥೆಯ ಹೆಸರಿನಲ್ಲಿ, ಸಹಿಯ ಮತ್ತು ಎನ್‌ಕ್ರಿಪ್ಷನ್‌ನ ಎರಡೂ ಸರ್ಟಿಫಿಕೇಟ್ ಸೇರಿಸಿ ತೆಗೆದುಕೊಳ್ಳಿ. ಸಹಿ ಮಾಡುವವರ ಹೆಸರಿಗೆ ಅಧಿಕಾರ ಪತ್ರ ಇರಬೇಕು. ಟೆಂಡರ್ ಮುಚ್ಚುವ ದಿನ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಕೈಕೊಟ್ಟರೆ ಯಾರೂ ಸಮಯ ವಿಸ್ತರಿಸುವುದಿಲ್ಲ. ಹಾಗಾಗಿ ನಾವು ಎರಡು ದಿನ ಮೊದಲೇ ಅಪ್‌ಲೋಡ್ ಮುಗಿಸುತ್ತೇವೆ.

ಇನ್ನು ನಿಜವಾದ ಅನುಮೋದನೆ. ರೈಲ್ವೆಯಲ್ಲಿ ಅದಕ್ಕೆ ಯುವಿಎಎಂ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ವಸ್ತು ಆರಿಸಿದರೆ ಅದನ್ನು ಅನುಮೋದಿಸುವ ಸಂಸ್ಥೆ ಯಾವುದು ಎಂದು ಅದೇ ತೋರಿಸುತ್ತದೆ. ಅರ್ಜಿಗೆ ಮುಂಚೆ ಆ ವಸ್ತುವಿನ ಎಸ್‌ಟಿಆರ್ (ತಾಂತ್ರಿಕ ಅಗತ್ಯಗಳ ಪಟ್ಟಿ) ಇದ್ದರೆ ತೆಗೆದು ಓದಬೇಕು. ತಯಾರಕನಲ್ಲಿ ಯಾವ ಯಂತ್ರ, ಯಾವ ಪರೀಕ್ಷಾ ಉಪಕರಣ ಇರಲೇಬೇಕು ಎಂದು ಅದು ಹೇಳುತ್ತದೆ. ಯಂತ್ರಗಳ ಪಟ್ಟಿಗೆ ಖರೀದಿ ಬಿಲ್ಲು ಜೋಡಿಸಿ. ವರ್ನಿಯರ್, ಮೈಕ್ರೋಮೀಟರ್, ಗೇಜುಗಳಿಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪತ್ರ ಬೇಕು. ಐಎಸ್‌ಒ 9001 ಪತ್ರದ ವ್ಯಾಪ್ತಿಯಲ್ಲಿ ನಿಮ್ಮ ವಸ್ತುವಿನ ಬಗೆ ಹೆಸರಿಸಿರಬೇಕು. "ಎಂಜಿನಿಯರಿಂಗ್ ಕೆಲಸ" ಎಂದಷ್ಟೇ ಇದ್ದರೆ ಪ್ರಶ್ನೆ ಬರುತ್ತದೆ. ಕ್ಯೂಎಪಿಯನ್ನು (ಗುಣಮಟ್ಟ ಖಾತರಿ ಯೋಜನೆ) ಬೇರೆಯವರದ್ದು ನಕಲು ಮಾಡಬೇಡಿ. ಉಕ್ಕಿನ ಹಾಳೆ ಒಳಬರುವುದರಿಂದ ಪ್ಯಾಕಿಂಗ್‌ವರೆಗೆ ಯಾವ ಹಂತದಲ್ಲಿ ಏನು ಅಳೆಯುತ್ತೀರಿ, ಎಷ್ಟು ತುಂಡು ಅಳೆಯುತ್ತೀರಿ, ಎಲ್ಲಿ ಬರೆಯುತ್ತೀರಿ ಎಂಬುದು ನಿಮ್ಮ ಶೆಡ್ಡಿನದೇ ಆಗಿರಬೇಕು.

ತಪಾಸಣೆಗೆ ಬಂದವರು ಸಾಮಾನ್ಯವಾಗಿ ಕೊನೆಯ ಹಂತದಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾರೆ. ರ‍್ಯಾಕಿನಿಂದ ತಯಾರಾದ ಒಂದು ಬ್ರಾಕೆಟ್ ಎತ್ತಿಕೊಂಡು "ಇದರ ಹಾಳೆ ಯಾವ ಹೀಟ್?" ಎಂದು ಕೇಳುತ್ತಾರೆ. ಹೀಟ್ ಎಂದರೆ ಮಿಲ್ಲಿನಲ್ಲಿ ಒಮ್ಮೆಗೆ ಕರಗಿಸಿ ತೆಗೆದ ಉಕ್ಕಿನ ಲಾಟ್. ತುಂಡಿನ ಮೇಲಿನ ಲಾಟ್ ಗುರುತು, ಜಾಬ್ ಕಾರ್ಡ್, ಸ್ಟೋರ್ ರಿಜಿಸ್ಟರ್, ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದರೆ ಎರಡೇ ನಿಮಿಷದ ಉತ್ತರ. ಹಾಳೆ ಕತ್ತರಿಸುವಾಗ ಹೀಟ್ ನಂಬರ್ ಇರುವ ಮೂಲೆಯೇ ಮೊದಲು ಸ್ಕ್ರ್ಯಾಪಿಗೆ ಹೋಗುವುದು ರೂಢಿ. ಕತ್ತರಿಸುವ ಮುನ್ನ ಆ ನಂಬರನ್ನು ಉಳಿದ ತುಂಡಿಗೆ ಪೇಂಟ್ ಮಾರ್ಕರಿನಲ್ಲಿ ಬರೆಯಿಸಿ.

ನಮ್ಮಲ್ಲಿ ತಪ್ಪಿದ್ದು ಡ್ರಾಯಿಂಗಿನ ಆಲ್ಟರೇಶನ್ ನಂಬರಿನಲ್ಲಿ. ರೈಲ್ವೆ ಡ್ರಾಯಿಂಗ್ ತಿದ್ದಿದಾಗಲೆಲ್ಲ ಈ ನಂಬರ್ ಏರುತ್ತದೆ. ಹಳೆಯ ಪ್ರತಿ ಹಿಡಿದು ಮಾಡಿದ ಸ್ಯಾಂಪಲ್ ಅಳತೆಯಲ್ಲಿ ಅಚ್ಚುಕಟ್ಟಾಗಿದ್ದರೂ ತೂತಿನ ಜಾಗವೇ ಬದಲಾಗಿತ್ತು. ಅದು ತಿರಸ್ಕೃತವಾದದ್ದು ಸರಿಯಾಗಿಯೇ ಇತ್ತು. ಈಗ ಆರ್ಡರಿನ ಆಲ್ಟರೇಶನ್ ನಂಬರ್ ಹೊತ್ತ ಪ್ರತಿ ಬರದೆ ಡೈ ಮುಟ್ಟುವುದಿಲ್ಲ.

ಟೆಂಡರ್ ತುಂಬುವಾಗ ಎರಡು ಗೊಂದಲ ಬಹಳ. ಇಎಂಡಿ ವಿನಾಯಿತಿ ಸಿಕ್ಕಿತೆಂದರೆ ಆರ್ಡರ್ ಸಿಕ್ಕ ಮೇಲೆ ಇಡುವ ಕಾರ್ಯನಿರ್ವಹಣಾ ಭದ್ರತಾ ಠೇವಣಿಯೂ ತಾನಾಗಿ ಮಾಫಿ ಆಗುವುದಿಲ್ಲ. ಠೇವಣಿ ಕೇಳಿದ್ದರೆ ಬ್ಯಾಂಕ್ ಗ್ಯಾರಂಟಿಯ ಮಾರ್ಜಿನ್ ಹಣವನ್ನು ದರದಲ್ಲಿ ಮೊದಲೇ ಲೆಕ್ಕ ಹಿಡಿಯಬೇಕು. ಎರಡನೆಯದು, 2012ರ ಆದೇಶ ಕೇಂದ್ರದವರಿಗೆ ಅನ್ವಯಿಸುವಂಥದ್ದು. ಹೆಸ್ಕಾಂ ಅಥವಾ ಸಾರಿಗೆ ಸಂಸ್ಥೆಯ ಟೆಂಡರ್ ನಡೆಯುವುದು 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆಯಡಿ; ವಿನಾಯಿತಿ ಇದೆಯೋ ಇಲ್ಲವೋ ಆಯಾ ದಾಖಲೆಯಲ್ಲೇ ಓದಬೇಕು. ವಿದ್ಯುತ್ ಸಾಮಾನಾದರೆ ಸಿಪಿಆರ್‌ಐನಂಥ ಮಾನ್ಯ ಪ್ರಯೋಗಾಲಯದ ಟೈಪ್ ಟೆಸ್ಟ್ (ಮಾದರಿಯ ಪೂರ್ಣ ಪರೀಕ್ಷೆ) ವರದಿ ಕೇಳುವುದುಂಟು. ಅದಕ್ಕೆ ಸಮಯವೂ ಹಣವೂ ಹಿಡಿಯುವುದರಿಂದ ಟೆಂಡರ್ ಬಂದ ಮೇಲೆ ಓಡಿ ಪ್ರಯೋಜನವಿಲ್ಲ.

ಕೇಂದ್ರದ ಟೆಂಡರುಗಳ ದರದಲ್ಲಿ ಸಣ್ಣವರಿಗೆ ಒಂದು ಆಸರೆ ಇದೆ. ಅತಿ ಕಡಿಮೆ ದರ ಹಾಕಿದವರು ಸೂಕ್ಷ್ಮ, ಸಣ್ಣ ಉದ್ಯಮದವರಲ್ಲದೆ ಬೇರೆಯವರಾಗಿದ್ದು, ನಿಮ್ಮ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ, ಆ ಕಡಿಮೆ ದರಕ್ಕೆ ಇಳಿಯುವ ಅವಕಾಶ ಸಿಗುತ್ತದೆ. ಪ್ರಮಾಣ ಹಂಚಬಹುದಾದ ಟೆಂಡರಿನಲ್ಲಿ ಕನಿಷ್ಠ ಶೇ. 25 ಪಾಲು. ಆದರೆ ಆ ದರಕ್ಕೆ ಇಳಿದರೂ ನಷ್ಟವಾಗದಂತೆ ನೋಡಿಕೊಳ್ಳಿ. ಜೆಮ್‌ನಲ್ಲಿ ತಡವಾದ ಪೂರೈಕೆಗೆ ವಾರಕ್ಕೆ ಶೇ. 0.5, ಗರಿಷ್ಠ ಶೇ. 10 ಕಡಿತವಿದೆ. ದರದ ಘಟಕ ಕಿಲೋವೋ ನಗವೋ (ಒಂದೊಂದು ತುಂಡೋ) ಎಂದು ಎರಡು ಸಲ ನೋಡಿ. ಕಿಲೋ ದರವನ್ನು ನಗದ ಕಾಲಮ್ಮಿಗೆ ಹಾಕಿದರೆ ಆಮೇಲೆ ತಿದ್ದಲು ಬಿಡುವುದಿಲ್ಲ.

ಹಣದ ವಿಷಯ ಬಿಡಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಮಾಲು ಒಪ್ಪಿಕೊಂಡ ಮೇಲೆ ಪಾವತಿ ಗರಿಷ್ಠ 45 ದಿನದೊಳಗೆ ಬರಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದನ್ನು ಕೇಳಲು ಉದ್ಯಮ್ ನೋಂದಣಿ ಪೂರೈಕೆಗೂ ಮೊದಲಿನದಾಗಿರುವುದು ಕ್ಷೇಮ, ಮತ್ತು ಒಪ್ಪಿಕೊಂಡ ದಿನಾಂಕದ ಕಾಗದ ಕೈಯಲ್ಲಿರಬೇಕು: ರೈಲ್ವೆಯಲ್ಲಿ ರಿಸೀಟ್ ನೋಟ್, ಜೆಮ್‌ನಲ್ಲಿ ಸಿಆರ್‌ಎಸಿ (ಮಾಲು ಪಡೆದು ಒಪ್ಪಿದ ಪತ್ರ). ಡಿಪೋದಲ್ಲಿ ಮಾಲು ಇಳಿಸಿದ ದಿನವೇ ಚಲನ್ನಿನ ಮೇಲೆ ಸೀಲು, ಸಹಿ, ತಾರೀಕು ಮೂರನ್ನೂ ಹಾಕಿಸಿಕೊಂಡೇ ಗಾಡಿ ಹೊರಡಬೇಕೆಂದು ನಮ್ಮ ಡ್ರೈವರಿಗೆ ಹೇಳಿಟ್ಟಿದ್ದೇವೆ.