ಆ ಟಿಕೆಟ್ ನೋಡಿದವರು ಯಾರು?

ಇಂಗ್ಲಿಷಿನ ವಿಚಿತ್ರ ಪದಗಳನ್ನೂ ಅವು ಹುಟ್ಟಿದ ಬಗೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ ನನಗೆ ಬಹಳ ವರ್ಷದ್ದು. ಮೊದಮೊದಲು ಕಥೆ ಸೊಗಸಾಗಿದ್ದರೆ ಸಾಕು, ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದೆ.

ಮೊದಲ ಪುಟದಲ್ಲೇ ‘ಪಾಶ್’ ಇತ್ತು, ಅಂದರೆ ಸಿರಿವಂತರ ಠೀವಿಯುಳ್ಳದ್ದು. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗು ಹತ್ತುವ ಸಿರಿವಂತರು ಬಿಸಿಲು ಕಡಿಮೆ ಇರುವ ಬದಿಯ ಕೋಣೆಯನ್ನೇ ಕೇಳುತ್ತಿದ್ದರಂತೆ. ಬರುವಾಗ ಎಡಬದಿ, ಮರಳುವಾಗ ಬಲಬದಿ. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳು ಕೂಡಿ ಪಾಶ್ ಆಯಿತಂತೆ. ನಾಲ್ಕು ಜನರೆದುರು ಇದನ್ನು ಬಣ್ಣ ಕಟ್ಟಿ ಹೇಳಿ ಮುಗಿಸಿದೆ. ಹಿರಿಯರೊಬ್ಬರು ತಣ್ಣಗೆ, ‘ಆ ಟಿಕೆಟ್ ನೋಡಿದವರು ಯಾರಾದರೂ ಇದ್ದಾರೇನ್ರೀ?’ ಎಂದರು. ಹುಡುಕಿದೆ. ಆ ನಾಲ್ಕಕ್ಷರ ಒತ್ತಿದ ಟಿಕೆಟ್ ಒಂದೂ ಇದುವರೆಗೆ ಸಿಕ್ಕಿಲ್ಲ. 19ನೇ ಶತಮಾನದ ಬೀದಿಮಾತಿನಲ್ಲಿ ಪಾಶ್ ಅಂದರೆ ಚಿಲ್ಲರೆ ಕಾಸು, ಆಮೇಲೆ ಶೋಕಿವಾಲ. ಇಂದಿನ ಅರ್ಥ ಬಹುಶಃ ಅಲ್ಲಿಂದಲೇ ಬಂದಿರಬೇಕು.

ಅಂದಿನಿಂದ ಪದದ ಎದುರು ಮೊದಲು ಇಸವಿ ಬರೆಯುತ್ತೇನೆ, ಕಥೆ ಆಮೇಲೆ. ಇದಕ್ಕೆ ಆಕ್ಸ್‌ಫರ್ಡ್ ನಿಘಂಟಿನಷ್ಟು ನೆರವಾದದ್ದು ಬೇರೊಂದಿಲ್ಲ. 1884ರಲ್ಲಿ ಮೊದಲ ಕಂತು, 1928ರಲ್ಲಿ ಕೊನೆಯದು. ಪ್ರತಿ ಅರ್ಥದ ಕೆಳಗೂ ಇಸವಿವಾರು ಬಳಕೆಯ ಸಾಲುಗಳು. ನಾನೀಗ ಅರ್ಥ ಬಿಟ್ಟು ಆ ಸಾಲುಗಳನ್ನೇ ಮೊದಲು ಓದುವುದು. ಇನ್ನೊಂದು ಅನುಮಾನವೂ ರೂಢಿಯಾಗಿದೆ: ಮೊದಲಕ್ಷರ ಪೋಣಿಸಿ ಪದ ಕಟ್ಟುವ ಪದ್ಧತಿ ಹಬ್ಬಿದ್ದೇ 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಸರಿ. ಹಳೆಯ ಪದಕ್ಕೆ ಯಾರಾದರೂ ಹಾಗೆ ಬಿಡಿಸಿ ಹೇಳಿದರೆ ನಾನು ನಂಬುವುದಿಲ್ಲ.

ಹಾಗೆಂದು ಚೆಂದದ ಕಥೆಯೆಲ್ಲ ಸುಳ್ಳಲ್ಲ. ‘ಸೆರೆಂಡಿಪಿಟಿ’ಗೆ, ಅಂದರೆ ಹುಡುಕದೇ ಸಿಗುವ ಅದೃಷ್ಟಕ್ಕೆ, ಜನ್ಮದಿನಾಂಕವೇ ಇದೆ. 1754ರ ಜನವರಿ 28ರಂದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಗೆಳೆಯನಿಗೆ ಬರೆದ ಕಾಗದದಲ್ಲಿ ಅದನ್ನು ತಾನೇ ಹುಟ್ಟಿಸಿದ. ಹುಡುಕದೇ ಇದ್ದದ್ದನ್ನು ಕಂಡುಕೊಳ್ಳುವ ಮೂವರು ರಾಜಕುಮಾರರ ಕಥೆ ಅವನ ತಲೆಯಲ್ಲಿತ್ತು. ಅವರ ನಾಡು ಸೆರೆಂದಿಪ್, ಅಂದರೆ ಶ್ರೀಲಂಕಾ.

ನನಗೆ ಅತಿ ಇಷ್ಟ ಮಾತ್ರ ‘ನಿಕ್‌ನೇಮ್’. ಹಿಂದಿನ ಇಂಗ್ಲಿಷಿನಲ್ಲಿ ‘ಈಕ್’ ಅಂದರೆ ಹೆಚ್ಚಿನದು, ‘ಆನ್ ಈಕ್‌ನೇಮ್’ ಅಂದರೆ ಇನ್ನೊಂದು ಹೆಸರು. ಹೇಳುತ್ತಾ ಹೇಳುತ್ತಾ ಹಿಂದಿನ ಪದದ ‘ನ್’ ಅಕ್ಷರ ಮುಂದಿನದಕ್ಕೆ ಅಂಟಿಕೊಂಡಿತು. ‘ಏಪ್ರನ್’ನಲ್ಲಿ ತದ್ವಿರುದ್ಧ: ಮೊದಲಿದ್ದ ‘ನ್ಯಾಪ್ರನ್’ ತನ್ನ ‘ನ್’ ಅನ್ನು ಹಿಂದಿನ ಪದಕ್ಕೆ ಬಿಟ್ಟುಕೊಟ್ಟಿತು. ‘ಅಂಪೈರ್’ ಕೂಡ ಹಾಗೆಯೇ ತಲೆ ಕಳೆದುಕೊಂಡ ಪದ.

ಎಚ್ಚರವಿದ್ದರೂ ಮತ್ತೊಮ್ಮೆ ಎಡವುವುದರಲ್ಲಿದ್ದೆ. ‘ವಿಂಡೋ’ದ ಮೂಲ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ವಿಂಡ್‌ಆಗಾ’, ಗಾಳಿಯ ಕಣ್ಣು. ನಮ್ಮ ‘ಗವಾಕ್ಷ’ವೋ ಹಸುವಿನ ಕಣ್ಣು. ಒಂದರಿಂದ ಇನ್ನೊಂದು ಬಂತೆಂದು ಬರೆಯಲು ಕೈ ತುರಿಸಿತು. ಬಂದದ್ದಲ್ಲ. ಗೋಡೆಯ ಕಿಂಡಿಯಲ್ಲಿ ಇಬ್ಬರಿಗೂ ಕಣ್ಣು ಕಂಡಿದೆ, ಅಷ್ಟೆ.

ನಿಘಂಟೂ ಎಡವುತ್ತದೆ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಪದಕ್ಕೆ ಸಾಂದ್ರತೆ ಎಂಬ ಅರ್ಥವಿತ್ತು. ‘D or d’, ಅಂದರೆ ದೊಡ್ಡ ಡಿ ಅಥವಾ ಚಿಕ್ಕ ಡಿ ಸಾಂದ್ರತೆಯ ಸಂಕ್ಷೇಪ ಎಂದು ಬರೆದಿದ್ದ ಚೀಟಿಯನ್ನು ಯಾರೋ ಒಂದೇ ಪದವಾಗಿ ಓದಿದ್ದರು. 1939ರವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಪಾಶ್‌ನ ಪುಟ ಹರಿದು ಹಾಕಿಲ್ಲ. ಹಡಗಿನ ಕಥೆಯ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು: ‘ಟಿಕೆಟ್?’